ಕೋಡಿಂಗ್ ಸಾಲು ಹಾಕಿದ್ದರೂ ಪೈಥಾನ್‌ನಲ್ಲಿ ಕನ್ನಡ ಯಾಕೆ ಕೆಡುತ್ತದೆ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಪೈಥಾನ್ 3.11ರಲ್ಲಿ ಒಂದು ಸಣ್ಣ ಪದಕೋಶದ ಪ್ರೋಗ್ರಾಂ ಬರೆದಿದ್ದೇನೆ. ಕೆಲವು ಕನ್ನಡ ಪದಗಳು ಕೋಡಿನೊಳಗೇ ಇವೆ, ಉಳಿದವು ಬೇರೆ ಟೆಕ್ಸ್ಟ್ ಫೈಲುಗಳಲ್ಲಿವೆ. ಲಿನಕ್ಸ್‌ನಲ್ಲಿ ಚೆನ್ನಾಗಿ ಓಡುತ್ತದೆ. ಗೆಳೆಯನ ವಿಂಡೋಸ್ ಮಷಿನ್‌ನಲ್ಲಿ ಓಡಿಸಿದರೆ ಯೂನಿಕೋಡ್ ಡಿಕೋಡ್ ಎರರ್, ಅದೂ 'ಚಾರ್‌ಮ್ಯಾಪ್' ಹೆಸರು ಹೇಳಿ 0ಎಕ್ಸ್8ಡಿ ಎಂಬ ಬೈಟ್ ಓದಲಾಗಲಿಲ್ಲ ಅಂತ. ವಿಚಿತ್ರ ಅಂದರೆ ನಾಲ್ಕೈದು ಪದಗಳ ಒಂದು ಪುಟ್ಟ ಫೈಲು ಮಾತ್ರ ಎರರ್ ಇಲ್ಲದೆ ತೆರೆಯುತ್ತದೆ, ಆದರೆ ಒಳಗೆ ತಲೆಬುಡವಿಲ್ಲದ ಅಕ್ಷರಗಳು. ಸೋರ್ಸ್ ಫೈಲಿನ (ಕೋಡ್ ಇರುವ ಫೈಲು) ಮೊದಲ ಸಾಲಿನಲ್ಲಿ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ, ಯಾವುದು ಅಂತ ತಿಳಿಸಲು ಕೋಡಿಂಗ್ ಯುಟಿಎಫ್-8 ಅಂತ ಹಾಕಿದ್ದೇನೆ. ಇನ್ನೇನು ಬೇಕು?

ಉತ್ತರ: ಆ ಸಾಲು ಹೇಳುವುದು ಆ ಒಂದು ಸೋರ್ಸ್ ಫೈಲಿನ ಬಗ್ಗೆ ಮಾತ್ರ. ನಿಮ್ಮ ಪ್ರೋಗ್ರಾಂ ಓಡುವಾಗ ತೆರೆಯುವ ಫೈಲುಗಳಿಗೂ ಅದಕ್ಕೂ ಸಂಬಂಧವೇ ಇಲ್ಲ.

ಪೈಥಾನ್ 2ರ ಕಾಲದಲ್ಲಿ ಏನೂ ಹೇಳದಿದ್ದರೆ ಸೋರ್ಸ್ ಅನ್ನು ಆಸ್ಕಿ (ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಹಳೆಯ ಎನ್‌ಕೋಡಿಂಗ್) ಅಂತಲೇ ಓದುತ್ತಿತ್ತು, ಬೇರೆ ಎನ್‌ಕೋಡಿಂಗ್ ಇದ್ದರೆ ಹೇಳಲು ಪೆಪ್ 263 ಅನ್ನುವ ಪೈಥಾನ್ ಪ್ರಸ್ತಾವ ಈ ಕೋಡಿಂಗ್ ಸಾಲನ್ನು ತಂದಿತು. ಮೊದಲನೇ ಅಥವಾ ಎರಡನೇ ಸಾಲಿನಲ್ಲೇ ಇರಬೇಕು, ಮೂರನೆಯದರಲ್ಲಿ ಬರೆದರೆ ಅದು ಬರೀ ಕಾಮೆಂಟ್. ಪೈಥಾನ್ 3ರಲ್ಲಿ ಸೋರ್ಸ್ ಯುಟಿಎಫ್-8 ಅಂತಲೇ ಲೆಕ್ಕ, ಹಾಗಾಗಿ ನಿಮ್ಮ ಸಾಲು ಇದ್ದರೂ ಒಂದೇ, ತೆಗೆದರೂ ಒಂದೇ. ಇನ್ನೊಂದು ಮಾತು, ಆ ಸಾಲು ಫೈಲನ್ನು ಯುಟಿಎಫ್-8ಕ್ಕೆ ಬದಲಾಯಿಸಿಬಿಡುವುದಿಲ್ಲ. ಎಡಿಟರ್ ಹೇಗೆ ಸೇವ್ ಮಾಡಿದೆಯೋ ಬೈಟ್‌ಗಳು ಹಾಗೇ ಇರುತ್ತವೆ.

ನಿಮ್ಮ ತೊಂದರೆ ಇರುವುದು ಓಪನ್ ಫಂಕ್ಷನ್‌ನಲ್ಲಿ. ಎನ್‌ಕೋಡಿಂಗ್ ಯಾವುದು ಅಂತ ನೀವು ಹೇಳದಿದ್ದರೆ ಅದು ಆಪರೇಟಿಂಗ್ ಸಿಸ್ಟಮ್‌ನ ಲೊಕೇಲ್ (ಭಾಷೆ, ಪ್ರದೇಶದ ಸೆಟ್ಟಿಂಗ್) ನೋಡುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಯುಟಿಎಫ್-8 ಸಿಗುತ್ತದೆ, ಇಂಗ್ಲಿಷ್ ಸೆಟ್ಟಿಂಗ್ ಇರುವ ವಿಂಡೋಸ್‌ನಲ್ಲಿ ಸಿಪಿ1252 ಎಂಬ ಹಳೆಯ ಎನ್‌ಕೋಡಿಂಗ್. ಅದರಲ್ಲಿ ಒಂದು ಬೈಟ್ ಅಂದರೆ ಒಂದು ಅಕ್ಷರ. ಆದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. 'ಮ' ಅಂದರೆ ಇ0, ಬಿ2, ಎಇ. ಇದನ್ನೇ ಸಿಪಿ1252 ಆಗಿ ಓದಿದರೆ ತಲೆ ಮೇಲೆ ಗೆರೆ ಇರುವ ಎ, ಮೇಲಕ್ಕೆ ಕೂತ ಪುಟ್ಟ 2, ವೃತ್ತದೊಳಗಿನ ಆರ್. ನೀವು ನೋಡಿದ ತಲೆಬುಡವಿಲ್ಲದ ಅಕ್ಷರಗಳು ಇವೇ.

ಹಾಗಾದರೆ ಒಮ್ಮೆ ಎರರ್, ಒಮ್ಮೆ ಕಸ ಯಾಕೆ? ಸಿಪಿ1252ರಲ್ಲಿ ಐದು ಬೈಟ್‌ಗಳಿಗೆ ಅಕ್ಷರವೇ ಇಲ್ಲ: 81, 8ಡಿ, 8ಎಫ್, 90, 9ಡಿ. ಒತ್ತಕ್ಷರ ಮಾಡುವ ನಮ್ಮ ಹಲಂತ ಚಿಹ್ನೆಯ (್) ಬೈಟ್‌ಗಳು ಇ0, ಬಿ3, 8ಡಿ. ಅಂದರೆ ಫೈಲಿನಲ್ಲಿ ಒಂದೇ ಒಂದು ಒತ್ತಕ್ಷರ ಬಂದರೂ ಸಾಕು, ಪೈಥಾನ್ ಅಲ್ಲೇ ಮುಗ್ಗರಿಸುತ್ತದೆ. ಉಕಾರ ಬಂದರೂ ಅಷ್ಟೇ, ಅದರ ಕೊನೆಯ ಬೈಟ್ 81. 'ಮನೆ', 'ಮರ', 'ಕಡಲ' ತರದ ಪದಗಳಷ್ಟೇ ಇದ್ದರೆ ಸುಮ್ನೆ ಕಸವಾಗಿ ಒಳಗೆ ಬಂದುಬಿಡುತ್ತವೆ. ನಿಜ ಹೇಳಬೇಕೆಂದರೆ ಎರರ್ ಬರುವುದೇ ವಾಸಿ. ಕಸ ಸದ್ದಿಲ್ಲದೆ ಡೇಟಾಬೇಸ್ ಸೇರಿದ ಮೇಲೆ ಅದನ್ನು ಹೆಕ್ಕಿ ತೆಗೆಯುವುದು ದೊಡ್ಡ ತಲೆನೋವು.

ಮಾಡಬೇಕಾದ್ದು ಇಷ್ಟೇ. ಓಪನ್ ಕರೆಯುವ ಪ್ರತಿ ಜಾಗದಲ್ಲೂ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಿ. ಓದುವಾಗಲೂ, ಬರೆಯುವಾಗಲೂ. ಎಲ್ಲಿ ಬಿಟ್ಟಿದ್ದೀರಿ ಅಂತ ಹುಡುಕಲು ಪೈಥಾನ್ 3.10ರಿಂದ 'ವಾರ್ನ್ ಡೀಫಾಲ್ಟ್ ಎನ್‌ಕೋಡಿಂಗ್' ಅನ್ನುವ ಎಕ್ಸ್ ಆಪ್ಷನ್ ಇದೆ, ಅದನ್ನು ಕೊಟ್ಟು ಓಡಿಸಿದರೆ ಬಿಟ್ಟ ಕಡೆಯೆಲ್ಲ ಎಚ್ಚರಿಕೆ ಬರುತ್ತದೆ.

ಇನ್ನೊಬ್ಬ ಸದಸ್ಯ: ಇಷ್ಟೆಲ್ಲ ಯಾಕೆ ಸರ್, ಎರರ್ಸ್ ಅನ್ನೋ ಆರ್ಗ್ಯುಮೆಂಟ್‌ಗೆ ಇಗ್ನೋರ್ ಕೊಟ್ಟರೆ ಆಯ್ತಲ್ವಾ?

ಉತ್ತರ: ದಯವಿಟ್ಟು ಬೇಡ. ಎರರ್ ಹೋಗುತ್ತದೆ, ಜೊತೆಗೆ ಆ 8ಡಿ, 81 ಬೈಟ್‌ಗಳೂ ಹೋಗುತ್ತವೆ. ಮೂರರಲ್ಲಿ ಒಂದು ಬೈಟ್ ಉದುರಿದ ಮೇಲೆ ಅದನ್ನು ವಾಪಸ್ ಕನ್ನಡ ಮಾಡುವುದು ಕಷ್ಟ. ಇಂಟರ್‌ನೆಟ್‌ನಲ್ಲಿ ಈ ಸಲಹೆ ಜಾಸ್ತಿ ಓಡಾಡುತ್ತದೆ, ನನಗಂತೂ ಕಂಡರಾಗದು.

ಮತ್ತೊಬ್ಬ ಸದಸ್ಯೆ: ನನಗೆ ಬೇರೆ ತರದ ತೊಂದರೆ. ವಿಂಡೋಸ್ ಕನ್ಸೋಲ್‌ಗೆ ಪ್ರಿಂಟ್ ಮಾಡಿದರೆ ಎರರ್ ಇಲ್ಲ. ಅದೇ ಔಟ್‌ಪುಟ್ ಅನ್ನು ಫೈಲಿಗೆ ತಿರುಗಿಸಿದರೆ ಎನ್‌ಕೋಡ್ ಎರರ್ ಬರುತ್ತದೆ!

ಉತ್ತರ: ಹೌದು ಮೇಡಂ, ಪೈಥಾನ್ 3.6ರಿಂದ ಕನ್ಸೋಲ್‌ಗೆ ನೇರವಾಗಿ ಯೂನಿಕೋಡ್ ಹೋಗುತ್ತದೆ. ಫೈಲಿಗೋ ಪೈಪ್‌ಗೋ ತಿರುಗಿಸಿದ ಕೂಡಲೇ ಮತ್ತೆ ಅದೇ ಸಿಪಿ1252, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಪ್ರೋಗ್ರಾಂನ ಶುರುವಿನಲ್ಲೇ ಎಸ್‌ಟಿಡಿಔಟ್ (ಪ್ರಿಂಟ್ ಆದದ್ದು ಹೊರಹೋಗುವ ದಾರಿ) ಅನ್ನು ಯುಟಿಎಫ್-8ಕ್ಕೆ ರೀಕಾನ್ಫಿಗರ್ ಮಾಡಿ. ಇಲ್ಲವೇ ಯುಟಿಎಫ್-8 ಮೋಡ್ ಆನ್ ಮಾಡಿ, 3.7ರಿಂದ ಇದೆ. ಆಗ ಓಪನ್ ಕೂಡ ಯುಟಿಎಫ್-8 ಅಂತಲೇ ಓದುತ್ತದೆ. ಆದರೆ ಬೇರೆಯವರ ಮಷಿನ್‌ನಲ್ಲಿ ಆ ಮೋಡ್ ಆನ್ ಇರುತ್ತದೆ ಅಂತ ನಂಬಿ ಕೋಡ್ ಬರೆಯಬೇಡಿ.

ಇನ್ನೊಬ್ಬ ಸದಸ್ಯ: ಎಕ್ಸೆಲ್‌ನಿಂದ ಬಂದ ಸಿಎಸ್‌ವಿಯಲ್ಲಿ ಮೊದಲ ಕಾಲಮ್ ಹೆಸರು ಮಾತ್ರ ಹೊಂದುವುದಿಲ್ಲ, ಪ್ರಿಂಟ್ ಮಾಡಿ ನೋಡಿದರೆ ಸರಿಯಾಗೇ ಕಾಣುತ್ತದೆ.

ಉತ್ತರ: ಬಾಮ್ (ಬೈಟ್ ಆರ್ಡರ್ ಮಾರ್ಕ್) ಇರಬೇಕು. ಫೈಲಿನ ತಲೆಯಲ್ಲಿ ಇಎಫ್, ಬಿಬಿ, ಬಿಎಫ್ ಅನ್ನುವ ಮೂರು ಬೈಟ್, ಕಣ್ಣಿಗೆ ಕಾಣುವುದಿಲ್ಲ. ಓದುವಾಗ ಯುಟಿಎಫ್-8-ಸಿಗ್ ಕೊಡಿ, ಬಾಮ್ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. ಸೋರ್ಸ್ ಫೈಲಿನ ತಲೆಯಲ್ಲಿದ್ದರೆ ಪೈಥಾನ್ ತಾನೇ ಬಿಟ್ಟು ಮುಂದೆ ಹೋಗುತ್ತದೆ.

ಮೊದಲು ಕೇಳಿದವರು: ಎಲ್ಲ ಕಡೆ ಎನ್‌ಕೋಡಿಂಗ್ ಹಾಕಿದೆ, ವಿಂಡೋಸ್‌ನಲ್ಲೂ ಓಡಿತು, ಥ್ಯಾಂಕ್ಸ್! ಆದರೆ ಕೋಡಿನಲ್ಲಿ ಬರೆದ 'ಕೋಳಿ', ಫೈಲಿನಲ್ಲಿರುವ 'ಕೋಳಿ' ಎರಡೂ ಒಂದೇ ತರ ಕಾಣುತ್ತವೆ, ಹೋಲಿಸಿದರೆ ಮಾತ್ರ ಸಮ ಅಲ್ಲ ಅನ್ನುತ್ತಿದೆ.

ಉತ್ತರ: ಎರಡಕ್ಕೂ ಲೆನ್ (ಉದ್ದ ಎಣಿಸುವ ಫಂಕ್ಷನ್) ಹಾಕಿ ನೋಡಿ. ಒಂದು 4, ಇನ್ನೊಂದು 6 ಬಂದರೆ ವಿಷಯ ಗೊತ್ತಾಯಿತು ಅಂತಲೇ. ಓಕಾರದ ದೀರ್ಘ ಸ್ವರಚಿಹ್ನೆಯನ್ನು ಒಂದೇ ಕೋಡ್ ಪಾಯಿಂಟ್ (ಯೂನಿಕೋಡ್ ಒಂದು ಚಿಹ್ನೆಗೆ ಕೊಟ್ಟ ಸಂಖ್ಯೆ) ಆಗಿಯೂ ಬರೆಯಬಹುದು, ಎಕಾರ, ಊಕಾರ, ದೀರ್ಘದ ಗುರುತು ಅಂತ ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್‌ನಲ್ಲಿ ಎನ್‌ಎಫ್‌ಸಿ (ತುಂಡುಗಳನ್ನು ಒಂದಾಗಿ ಜೋಡಿಸುವ ರೂಪ) ಕೊಟ್ಟು ಎರಡನ್ನೂ ಒಂದೇ ರೂಪಕ್ಕೆ ತಂದು ಆಮೇಲೆ ಹೋಲಿಸಿ. ಬಳಕೆದಾರರು ಹುಡುಕಲು ಟೈಪ್ ಮಾಡುವ ಪದಕ್ಕೂ ಇದನ್ನೇ ಮಾಡಿ. ಅದಾದ ಮೇಲೂ ಹೊಂದದಿದ್ದರೆ 'ಸಾಫ್ಟ್‌ವೇರ್' ತರದ ಪದಗಳಲ್ಲಿ ಒತ್ತು ಬೀಳದಿರಲಿ ಅಂತ ಹಾಕುವ ಕಾಣದ ಚಿಹ್ನೆ ಇದೆಯಾ ನೋಡಿ, ಅದನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ.