ಸ್ವಿಚ್ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಇಲ್ಲದಿದ್ದರೆ ಸ್ಮಾರ್ಟ್ ರಿಲೇ ಕೂರಿಸಬಹುದೇ?

ಪ್ರಶ್ನೆ: ಗೋಡೆಯ ಸ್ವಿಚ್ಚುಗಳನ್ನು ಹಾಗೆಯೇ ಉಳಿಸಿಕೊಂಡು, ಹಿಂದಿನ ಪೆಟ್ಟಿಗೆಯಲ್ಲಿ ವೈಫೈ ರಿಲೇ (ಫೋನಿನಿಂದ ದೀಪ ಹಚ್ಚಿ ಆರಿಸಲು ನೆರವಾಗುವ ಪುಟ್ಟ ಸಾಧನ) ಅಳವಡಿಸಬೇಕೆಂದು ಬಿಚ್ಚಿ ನೋಡಿದರೆ, ಅಲ್ಲಿರುವುದು ಫೇಸ್ (ವಿದ್ಯುತ್ ತರುವ ತಂತಿ) ಮತ್ತು ದೀಪಕ್ಕೆ ಹೋಗುವ ತಂತಿ, ಇವೆರಡೇ; ನ್ಯೂಟ್ರಲ್ (ವಿದ್ಯುತ್ ಮರಳುವ ತಂತಿ) ಇಲ್ಲ. ಬೇರೆ ದಾರಿ ಇದೆಯೇ?

ಉತ್ತರ 1: ದೀಪ ಆರಿದ್ದಾಗಲೂ ರಿಲೇಯೊಳಗಿನ ರೇಡಿಯೊ ಎಚ್ಚರವಾಗಿರಬೇಕು. ನ್ಯೂಟ್ರಲ್ ಬೇಡದ ಮಾದರಿಗಳು ಅದಕ್ಕೆ ಬೇಕಾದ ಅಲ್ಪ ವಿದ್ಯುತ್ತನ್ನು ದೀಪದ ಮೂಲಕವೇ ಹರಿಸಿಕೊಳ್ಳುತ್ತವೆ. ಹಳೆಯ ಫಿಲಮೆಂಟ್ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಆದರೆ ಕಡಿಮೆ ವ್ಯಾಟ್‌ನ ಎಲ್‌ಇಡಿ ಆರಿಸಿದ ಮೇಲೂ ಮಿಣುಕಬಹುದು. ತಯಾರಕರು ಸೂಚಿಸುವ ಬೈಪಾಸನ್ನು (ಆ ಅಲ್ಪ ವಿದ್ಯುತ್ತಿಗೆ ಬದಲಿ ದಾರಿ ಕೊಡುವ ಪುಟ್ಟ ಬಿಡಿಭಾಗ) ದೀಪಕ್ಕೆ ಸಮಾನಾಂತರವಾಗಿ ಜೋಡಿಸಿದರೆ ಸಾಮಾನ್ಯವಾಗಿ ಆ ಮಿಣುಕು ನಿಲ್ಲುತ್ತದೆ.

ಉತ್ತರ 2: ಬೈಪಾಸ್ ಹುಡುಕುವ ಮೊದಲು ಚಾವಣಿಯ ದೀಪದ ಜೋಡಣೆಯನ್ನು ಪರೀಕ್ಷಿಸಿ. ಅಲ್ಲಿ ಸದಾ ಇರುವ ಫೇಸ್ ಮತ್ತು ನ್ಯೂಟ್ರಲ್ ಎರಡೂ ಸಿಕ್ಕರೆ ರಿಲೇಯನ್ನು ಅಲ್ಲಿಯೇ ಇಟ್ಟು, ಸ್ವಿಚ್ಚಿಗೆ ಇಳಿಯುವ ಎರಡು ತಂತಿಗಳನ್ನು ಕೇವಲ ಸಂಕೇತಕ್ಕೆ ಬಳಸಬಹುದು. ನನಗಂತೂ ಇದೇ ಅಚ್ಚುಕಟ್ಟಾದ ವಿಧಾನವೆನಿಸುತ್ತದೆ. ಅರ್ತ್ ತಂತಿಯನ್ನು ನ್ಯೂಟ್ರಲ್ ಮಾಡಿಕೊಳ್ಳುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ, ಅದು ಜೀವಕ್ಕೇ ಅಪಾಯ.

ಪ್ರಶ್ನಿಸಿದವರು: ಎಂಸಿಬಿ ಆರಿಸಿ, ಟೆಸ್ಟರ್‌ನಿಂದ ಖಚಿತಪಡಿಸಿಕೊಂಡು ನೋಡಿದೆ. ಚಾವಣಿಯಲ್ಲಿ ಎರಡೂ ಇವೆ. ಎಲೆಕ್ಟ್ರಿಷಿಯನ್‌ರಿಂದಲೇ ಅಲ್ಲಿ ಕೂರಿಸುತ್ತೇನೆ.