ಸೀಮ್‌ಲೆಸ್ ಟೈಲ್‌ಗೆ ‘ಕೂಡುಬಿಲ್ಲೆ’ ಅನ್ನಬಹುದಾ?

ನಮಸ್ಕಾರ. ಒಂದು ಪದ ಬೇಕಾಗಿದೆ, ಸಹಾಯ ಮಾಡಿ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮೂರಿನ ಮಕ್ಕಳಿಗೆ ರಜೆಯಲ್ಲಿ ಗಿಂಪ್ (ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವ ತಂತ್ರಾಂಶ) ಕಲಿಸುತ್ತಿದ್ದೇನೆ. ಜೊತೆಗೆ ಕನ್ನಡದಲ್ಲಿ ಒಂದು ಟಿಪ್ಪಣಿಯನ್ನೂ ಬರೆಯುತ್ತಿದ್ದೇನೆ. ಲೇಯರ್, ಬ್ರಷ್ ಎಲ್ಲ ಹಾಗೇ ಇಟ್ಟೆ, ಮಕ್ಕಳಿಗೆ ಅದು ಗೊತ್ತು. ಸಿಕ್ಕಿಬಿದ್ದದ್ದು ‘ಸೀಮ್‌ಲೆಸ್ ಟೈಲ್’ ಹತ್ತಿರ. ಒಂದು ಸಣ್ಣ ಚೌಕ ಚಿತ್ರವನ್ನು ಅಕ್ಕಪಕ್ಕ, ಮೇಲೆ ಕೆಳಗೆ ಎಷ್ಟು ಸಲ ಇಟ್ಟರೂ ಜೋಡಿಸಿದ ಗುರುತು ಕಾಣಬಾರದು. ಆಮಂತ್ರಣ ಪತ್ರಿಕೆಯ ಹಿನ್ನೆಲೆಗೆ ಬಳಸುತ್ತಾರಲ್ಲ, ಅದು.

ಜಾಹೀರಾತಿನ ಕನ್ನಡದಲ್ಲಿ ಸೀಮ್‌ಲೆಸ್‌ಗೆ ‘ತಡೆರಹಿತ’ ಅನ್ನುತ್ತಾರೆ. ನಾನೂ ಮೊದಲು ಅದನ್ನೇ ಬರೆದೆ. ಒಬ್ಬ ಹುಡುಗ ಕೇಳಿದ, “ಇದು ಮಂಗಳೂರಿಗೆ ಹೋಗುವ ಬಸ್ಸಾ?” ಅಲ್ಲಿಗೆ ಆ ಪದ ಮುಗಿಯಿತು.

ಟೈಲ್‌ಗೆ ‘ಹಂಚು’ ಅನ್ನೋಣ ಅಂದರೆ ಇಲ್ಲಿ ಹಂಚು ಅಂದರೆ ಮಾಡಿನದ್ದು, ಅಂದರೆ ಮನೆಯ ಛಾವಣಿಯದ್ದು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಈ ಕಡೆ ಎಲ್ಲರಿಗೂ ಅದೇ ಹಂಚು. ಅದು ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂರುತ್ತದೆ, ಸಾಲು ಸಾಲಾಗಿ ಗೆರೆ ಕಾಣಲೇಬೇಕು. ನಮಗೆ ಬೇಕಾದ್ದಕ್ಕೆ ಪೂರ್ತಿ ಉಲ್ಟಾ. ‘ಬಿಲ್ಲೆ’ ವಾಸಿ ಅನಿಸಿತು. ಕುಂಟೆಬಿಲ್ಲೆ ಆಡುವಾಗ ಒಡೆದ ಹಂಚಿನ ಚೂರನ್ನೇ ಬಿಲ್ಲೆ ಮಾಡುತ್ತಿದ್ದೆವು. ಬಿಲ್ಲೆ ಅಂದರೆ ದುಂಡಗಿನದ್ದು ಅಲ್ವಾ ಅಂತ ನೀವು ಕೇಳಬಹುದು. ಹಂಚಿನ ಚೂರು ಯಾವತ್ತು ದುಂಡಗಿತ್ತು?

ಬಿಲ್ಲೆಗಳನ್ನು ಜೋಡಿಸಿದಾಗ ಆಗುವ ಪ್ಯಾಟರ್ನ್‌ಗೆ ‘ನಮೂನೆ’ ಬೇಡ ಅಂತ ನಾನೇ ಬಿಟ್ಟೆ. ನಮ್ಮ ಕಡೆ “ಅದು ಒಂದು ನಮೂನೆ ಉಂಟು” ಅಂದರೆ ಸರಿ ಇಲ್ಲ ಅಂತಲೇ ಅರ್ಥ. ‘ಚಿತ್ತಾರ’ ಸಾಕು.

ಕಷ್ಟ ಇರುವುದು ಸೀಮ್‌ನಲ್ಲಿ, ಅಂದರೆ ಜೋಡಿಸಿದ ಕಡೆ ಕಾಣುವ ಗೆರೆಯಲ್ಲಿ. ನಾವು ಮಾಡಿದ್ದನ್ನೇ ಹೇಳುತ್ತೇನೆ. ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯ ಫೋಟೋ ತೆಗೆದೆವು. 512 ಪಿಕ್ಸೆಲ್ ಉದ್ದ, ಅಷ್ಟೇ ಅಗಲದ ಚೌಕ ಕತ್ತರಿಸಿದೆವು. ಹಾಗೇ ಜೋಡಿಸಿದರೆ ಗೋಡೆಗೆ ಟೈಲ್ಸ್ ಹಾಕಿದಂತೆ ಗೆರೆ. ಆಮೇಲೆ ಚಿತ್ರವನ್ನು ಪಕ್ಕಕ್ಕೂ ಕೆಳಕ್ಕೂ ಸರಿಸುವ ಆಫ್‌ಸೆಟ್‌ನಲ್ಲಿ ಎರಡೂ ಕಡೆಗೆ 256 ಕೊಟ್ಟು, ರ‍್ಯಾಪ್ ಅರೌಂಡ್ ಆರಿಸಿದೆವು. ಬಲಗಡೆ ಆಚೆ ಹೋದದ್ದು ಎಡಗಡೆಯಿಂದ ಒಳಗೆ ಬರುತ್ತದೆ. ನಾಲ್ಕು ಮೂಲೆಗಳೂ ನಡುವಿಗೆ ಬಂದು ಸೇರುತ್ತವೆ. ಅಂಚಿನಲ್ಲಿ ಅಡಗಿದ್ದ ಗೆರೆ ಈಗ ಚಿತ್ರದ ನಡುವೆ ಕೂಡಿಸುವ ಚಿಹ್ನೆಯ ಹಾಗೆ ನಿಂತಿತು. ಅಲ್ಲಿ ಒಂದು ಅಡಿಕೆಯ ಅರ್ಧಕ್ಕೆ ಬೇರೆ ಅಡಿಕೆಯ ಅರ್ಧ ಅಂಟಿಕೊಂಡಿತ್ತು! ಚಿತ್ರದ ಒಂದು ಜಾಗವನ್ನು ಇನ್ನೊಂದು ಕಡೆ ನಕಲು ಮಾಡುವ ಕ್ಲೋನ್ ಉಪಕರಣದಿಂದ ಇಡೀ ಅಡಿಕೆಗಳನ್ನು ತಂದು ಆ ಗೆರೆಯ ಮೇಲೆ ಕೂರಿಸಿದೆವು. ಹೊಸ ಅಂಚುಗಳ ಚಿಂತೆ ಇಲ್ಲ, ಅವು ಮೊದಲು ಚಿತ್ರದ ನಡುವೆ ಪಕ್ಕಪಕ್ಕದಲ್ಲೇ ಇದ್ದವು.

(ಗಿಂಪ್‌ನಲ್ಲಿ ಇದನ್ನು ತಾನೇ ಮಾಡುವ ಒಂದು ಫಿಲ್ಟರ್ ಕೂಡ ಇದೆ. ಅಡಿಕೆಗೆ ಅದು ಆಗಲಿಲ್ಲ, ಒಂದರ ಮೇಲೆ ಇನ್ನೊಂದು ದೆವ್ವದ ಹಾಗೆ ಮಸುಕಾಗಿ ಕೂತಿತು.)

ಇಷ್ಟಾದರೂ ಮುದ್ರಿಸಿ ನೋಡಿದರೆ ಪಟ್ಟೆ ಪಟ್ಟೆ. ಫೋಟೋದ ಒಂದು ಬದಿಗೆ ಮಾಡಿನ ನೆರಳು ಬಿದ್ದಿತ್ತು, ನಾನು ಗಮನಿಸಿರಲಿಲ್ಲ. ಜೊತೆಗೆ ಒಂದು ಒಡೆದ ಕರಿ ಅಡಿಕೆ. ಬಿಲ್ಲೆ ಬಿಲ್ಲೆಗೂ ಅದೇ ಜಾಗದಲ್ಲಿ ಅದೇ ಕಣ್ಣಿಗೆ ಕುಕ್ಕುತ್ತಿತ್ತು. ಗೆರೆ ಎಲ್ಲೂ ಇಲ್ಲ, ಆದರೂ ತುಂಡುಗಳಿಂದ ಆದದ್ದು ಅಂತ ಗೊತ್ತಾಗುತ್ತದೆ.

ಇದನ್ನು ನೋಡಿ ಪಕ್ಕದ ಮನೆಯ ಮಲಯಾಳಿ ಅಜ್ಜಿ, “ಏಚ್ಚು ಕೆಟ್ಟಿಯಾಲ್ ಮುಳಚ್ಚಿರಿಕ್ಕುಂ” ಅಂದರು. ಸೇರಿಸಿ ಕಟ್ಟಿದ್ದು ಉಬ್ಬಿ ಕಾಣುತ್ತದೆ ಅಂತ. ಜೋಡಿಸಿದ ಜಾಗಕ್ಕೆ ಅವರಲ್ಲಿ ‘ಏಪ್ಪ್’ ಅನ್ನುವ ಪದವೇ ಇದೆ. ನನಗೆ ಹೊಟ್ಟೆಕಿಚ್ಚಾಯಿತು.

ನಮ್ಮಲ್ಲಿ ಏನಿದೆ? ‘ಹೊಲಿಗೆ’ ಅಂದರೆ ಸೂಜಿ ದಾರ ಬೇಕು. ‘ಬೆಸುಗೆ’ ಲೋಹದ್ದು. ‘ಸಂದು’ ಅಂದರೆ ನಡುವೆ ಜಾಗ ಬಿಟ್ಟ ಹಾಗೆ, ಇಲ್ಲಿ ಜಾಗವೇ ಇಲ್ಲ. ಪೇಟೆಯ ಟೈಲರ್ ಹತ್ತಿರ ಕೇಳಿದೆ. ಚೌಕಳಿ ಅಂಗಿಗೆ ಕಿಸೆ ಇಡುವಾಗ ಕಿಸೆಯ ಗೆರೆಯೂ ಅಂಗಿಯ ಗೆರೆಯೂ ಒಂದಾದರೆ ಕಿಸೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಅದಕ್ಕೆ ಅವರು ಹೇಳಿದ್ದು ಇಷ್ಟೇ: “ಗೆರೆ ಕೂಡಬೇಕು.”

ಆ ‘ಕೂಡು’ ನನಗೆ ಹಿಡಿಸಿತು. ಕೂಡುಕುಟುಂಬ, ಕೂಡುರಸ್ತೆ ಮೊದಲೇ ಇವೆ. ಹಾಗಾದರೆ ಸೀಮ್‌ಗೆ ‘ಕೂಡುಗೆರೆ’, ಸೀಮ್‌ಲೆಸ್ ಟೈಲ್‌ಗೆ ‘ಕೂಡುಬಿಲ್ಲೆ’. ರಹಿತ, ಇಲ್ಲದ ಅಂತ ಬಾಲ ಯಾಕೆ ಬೇಕು? ನಾಲ್ಕೂ ಕಡೆ ತನ್ನೊಂದಿಗೆ ತಾನೇ ಕೂಡುವ ಬಿಲ್ಲೆ, ಅಷ್ಟೇ.

ಹುಡುಗರು ಈಗಾಗಲೇ “ಕೂಡುತ್ತಾ ನೋಡು” ಅನ್ನಲು ಶುರು ಮಾಡಿದ್ದಾರೆ. ಆದರೂ ಟಿಪ್ಪಣಿಗೆ ಹಾಕುವ ಮೊದಲು ಒಂದು ಅನುಮಾನ. ಬಟ್ಟೆಗೆ ಮರದ ಅಚ್ಚು ಒತ್ತುವವರಿಗೂ ಇದೇ ಕಷ್ಟ ಅಲ್ವಾ? ಒಂದು ಅಚ್ಚಿನ ಬಳ್ಳಿ ಮುಂದಿನ ಅಚ್ಚಿನ ಬಳ್ಳಿಗೆ ಸರಿಯಾಗಿ ಸಿಗಬೇಕು. ಆ ಜಾಗಕ್ಕೆ ಅವರು ಕನ್ನಡದಲ್ಲಿ ಏನನ್ನುತ್ತಾರೆ? ನಿಮ್ಮ ಕಡೆ ಯಾರಾದರೂ ಇದ್ದರೆ ಕೇಳಿ ತಿಳಿಸಿ. ಅವರ ಪದ ಸಿಕ್ಕಿದರೆ ನನ್ನದನ್ನು ಅಳಿಸುತ್ತೇನೆ.