ವಿಂಡೋಸ್ ಎಕ್ಸ್‌ಪಿ ಕಾಲದ ಪ್ರಶ್ನೋತ್ತರ: ಡಯಲ್-ಅಪ್‌ನಲ್ಲಿ (ಫೋನ್ ಲೈನಿನ ಇಂಟರ್ನೆಟ್‌ನಲ್ಲಿ) ಮೇಲ್ ಇಳಿಯುತ್ತಿಲ್ಲ

ನಾಪೋಕ್ಲು ತೋಟದವರು: ಸರ್, ಮೇಲ್ ಪ್ರೋಗ್ರಾಮ್ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ 34 ಮೇಲ್ ಬರಬೇಕು. ಏಳನೆಯದಕ್ಕೆ ನಿಂತು ಲೈನ್ ಕಟ್ಟಾಗುತ್ತದೆ. ಮತ್ತೆ ಡಯಲ್ ಮಾಡಿದರೆ ಮೊದಲಿನ ಆರೂ ಇನ್ನೊಂದ್ಸಲ ಬರುತ್ತವೆ. ಫೋನ್ ಬಿಲ್ ಏರುತ್ತಲೇ ಇದೆ.

ಕಂಪ್ಯೂಟರ್ ರಿಪೇರಿ, ಮಡಿಕೇರಿ: ಏಳನೆಯದರಲ್ಲಿ ದೊಡ್ಡ ಫೋಟೋ ಇರಬೇಕು. ಮೇಲ್‌ಗೆ ಅಂಟಿಸಿದ ಫೈಲ್ ಮೂರನೇ ಒಂದು ಪಾಲು ಹಿಗ್ಗುತ್ತದೆ. 3 ಎಂಬಿ ಫೋಟೋ 4 ಎಂಬಿ ಆಯಿತು ಅನ್ನಿ. ಸೆಕೆಂಡಿಗೆ 4 ಕೆಬಿ ಬಂದರೆ 17 ನಿಮಿಷ ಬೇಕು. ಇನ್ನು ಆ ಆರರ ವಿಷಯ. ಇಳಿಸಿಕೊಂಡದ್ದನ್ನು ಪಾಪ್ ಸರ್ವರ್ (ನಿಮ್ಮ ಮೇಲ್ ಇಟ್ಟುಕೊಂಡಿರುವ ಕಂಪ್ಯೂಟರ್) ನಿಜವಾಗಿ ಅಳಿಸುವುದು ಕೊನೆಗೆ ನಿಮ್ಮ ಕಂಪ್ಯೂಟರ್ 'ಕ್ವಿಟ್' (ಮುಗಿಯಿತು) ಹೇಳಿದ ಮೇಲೆ. ನಡುವೆ ಲೈನ್ ಹೋದರೆ ಒಂದೂ ಅಳಿಯುವುದಿಲ್ಲ. ಅದಕ್ಕೇ ಮತ್ತೆ ಬರುತ್ತವೆ. ಟೂಲ್ಸ್‌ನಲ್ಲಿ ಮೆಸೇಜ್ ರೂಲ್ಸ್ ತೆಗೆದು, 200 ಕೆಬಿಗಿಂತ ದೊಡ್ಡ ಮೇಲ್ ಇಳಿಸಬಾರದು ಅಂತ ರೂಲ್ ಹಾಕಿ. ಅದು ಸರ್ವರ್‌ನಲ್ಲೇ ಇರುತ್ತದೆ, ಪೇಟೆಗೆ ಬಂದಾಗ ಸೈಬರ್‌ನಲ್ಲಿ ನೋಡಿ. ಅಕೌಂಟಿನ ಅಡ್ವಾನ್ಸ್ಡ್‌ನಲ್ಲಿ ಸರ್ವರ್ ಟೈಮ್‌ಔಟ್ 5 ನಿಮಿಷ ಮಾಡಿ. ಆದರೆ ಲೈನ್ ಯಾಕೆ ಕಟ್ಟಾಗುತ್ತಿದೆ ಅನ್ನುವುದೇ ನನ್ನ ಚಿಂತೆ. ಫೋನ್ ಎತ್ತಿ ಒಂದು ಅಂಕಿ ಒತ್ತಿ. ಡಯಲ್ ಟೋನ್ ನಿಂತ ಮೇಲೆ ಕರಕರ ಕೇಳುತ್ತಾ? ಮಳೆಗೆ ಜಾಸ್ತಿಯಾ?

ಕುಶಾಲನಗರದಿಂದ: 56ಕೆ ಮೋಡೆಮ್, ಬರುವುದು 5 ಕೆಬಿ. ಮೋಸ ಅಲ್ವಾ?

ರಿಪೇರಿ: ಅದು ಬಿಟ್, ಇದು ಬೈಟ್. ಎಂಟರಿಂದ ಭಾಗಿಸಿ, 7 ಬರುತ್ತದೆ. ಉಳಿದದ್ದು ಲೈನಿನಲ್ಲೇ ಹೋಗುತ್ತದೆ.

ಗೋಣಿಕೊಪ್ಪ ಅಂಗಡಿ: ಎಲ್ಲರೂ ಓದಿ! ವಿಂಡೋಸ್ ಎಕ್ಸ್‌ಪಿ 20% ಸ್ಪೀಡ್ ತಾನೇ ಇಟ್ಟುಕೊಳ್ಳುತ್ತದೆ. ಜಿಪಿಎಡಿಟ್‌ನಲ್ಲಿ (ವಿಂಡೋಸ್ ಸೆಟ್ಟಿಂಗ್ ಬದಲಿಸುವ ಪ್ರೋಗ್ರಾಮ್) ಸೊನ್ನೆ ಮಾಡಿ. ಹತ್ತು ಜನಕ್ಕೆ ಕಳಿಸಿ.

ರಿಪೇರಿ: ಕಳಿಸಬೇಡಿ. ಆ ಪಾಲು ಬೇಕು ಅಂತ ಕೇಳುವ ಪ್ರೋಗ್ರಾಮ್ ಓಡುತ್ತಿದ್ದರೆ ಮಾತ್ರ ಅದು ಲೆಕ್ಕಕ್ಕೆ. ಉಳಿದಾಗ ಪೂರ್ತಿ ನಿಮ್ಮದೇ. ಇದರ ಬೆನ್ನಿಗೆ ಬರುವ 'ಸ್ಪೀಡ್ ಬೂಸ್ಟರ್' ಹಾಕಿ, ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ರಿಜಿಸ್ಟ್ರಿ ಕೆಡಿಸಿಕೊಂಡು ನನ್ನ ಹತ್ತಿರ ಬರಬೇಡಿ.

ಗೋಣಿಕೊಪ್ಪ ಅಂಗಡಿ: ನನಗೆ ಸ್ಪೀಡ್ ಬಂತಲ್ಲ?

ಸೋಮವಾರಪೇಟೆ ಮೇಷ್ಟ್ರು: ಅವತ್ತು ಮಳೆ ಬಿಟ್ಟಿತ್ತೇನೋ.

ಗೋಣಿಕೊಪ್ಪ ಅಂಗಡಿ: ನೀವು ಮಾಡಿ ನೋಡದೆ ಹೇಳಬೇಡಿ ಮೇಷ್ಟ್ರೇ.

ಮೇಷ್ಟ್ರು: ಮಾಡಿ ನೋಡಿಯೇ ಹೇಳಿದ್ದು. ಸುಮ್ನೆ ಟೈಮ್ ವೇಸ್ಟ್.

ಭಾಗಮಂಡಲದಿಂದ: ಸರ್, ನಮ್ಮ ಕಡೆ ಬ್ರಾಡ್‌ಬ್ಯಾಂಡ್ ಯಾವಾಗ?

ನಾಪೋಕ್ಲು ತೋಟದವರು: ಕರಕರ ಇದೆ ಸರ್. ಅಡುಗೆಮನೆಯಲ್ಲೂ ಇದೇ ಲೈನಿನ ಫೋನ್ ಇದೆ.

ರಿಪೇರಿ: ಮೊದಲು ಅದನ್ನು ಕಿತ್ತು ಕೇಳಿ. ಆಮೇಲೂ ಸದ್ದಿದ್ದರೆ ಹೊರಗೆ ಜಾಯಿಂಟ್‌ಗೆ ನೀರು ಇಳಿದಿರಬಹುದು, ಲೈನ್‌ಮನ್‌ಗೆ ಹೇಳಿ. ಗುಡುಗು ಶುರುವಾಗುವ ಮುಂಚೆಯೇ ಮೋಡೆಮ್‌ನಿಂದ ಫೋನ್ ವೈರ್ ತೆಗೆದಿಡಿ. ಕರೆಂಟ್ ಆಫ್ ಮಾಡಿದರೆ ಸಾಲದು. ಸಿಡಿಲು ಫೋನ್ ವೈರಿನಲ್ಲೂ ಬರುತ್ತದೆ.

ವಿರಾಜಪೇಟೆಯಿಂದ: ಸರ್, 56ಕೆ ಅಂತ ಬರೆದಿದೆ, 5 ಕೆಬಿ ಮಾತ್ರ...

ರಿಪೇರಿ: ಮೇಲೆ ಓದಿ.

ಗೋಣಿಕೊಪ್ಪ ಅಂಗಡಿ: ಹೀಗೆ ಗದರಿಸಿದ್ರೆ ಯಾರು ಕೇಳ್ತಾರೆ?

ರಿಪೇರಿ: ಫಾರ್ವರ್ಡ್ ಮಾಡೋರು ಕೇಳದಿದ್ರೂ ನಡೆಯುತ್ತೆ.